ಅಳತೆಯ ಬೋಲ್ಟುಗಳು

"ಇನ್ನೂ ತಿಕ್ಕಿದ್ರೆ ಚರ್ಮ ಎದ್ದು ಬರುತ್ತಮ್ಮ, ಸಾಕು ಬಿಡಿ," ಎಂದ ಹೆಣವನ್ನು ಮನೆಗೆ ತಂದಿದ್ದ ಶವಾಗಾರದ ಆಳು.

ಮಗಳು ಬಿಡಲಿಲ್ಲ. ಹಲ್ಲುಜ್ಜುವ ಹಳೆಯ ಬ್ರಷ್ಷನ್ನು ಸೋಪಿನ ನೀರಿಗೆ ಅದ್ದಿ, ಅಪ್ಪನ ಹೆಬ್ಬೆರಳಿನ ಉಗುರಿನ ಸಂದಿಗೆ ತೂರಿಸಿ ಮತ್ತೆ ಉಜ್ಜಿದಳು. ಬಕೆಟ್ಟಿನ ನೀರು ಆಗಲೇ ಬೂದಿ ಬಣ್ಣಕ್ಕೆ ತಿರುಗಿತ್ತು. ಉಗುರಿನ ಕಪ್ಪು ಮಾತ್ರ ಇದ್ದ ಹಾಗೇ ಇತ್ತು. ಬಸ್ ಡಿಪೋದಲ್ಲಿ ಮೂವತ್ತನಾಲ್ಕು ವರ್ಷ ಫಿಟ್ಟರ್ ಕೆಲಸ, ರಜಾದಿನಗಳಲ್ಲಿ ಮನೆ ಹಿಂದಿನ ಶೆಡ್ಡಿನಲ್ಲಿ ಹಳೆಯ ಕಾರುಗಳ ಎಂಜಿನ್. ನಿವೃತ್ತನಾದ ಮೇಲಂತೂ ಹಗಲೆಲ್ಲ ಅಲ್ಲೇ. ಅಷ್ಟು ಕಾಲದ ಎಣ್ಣೆ ಒಂದು ಬೆಳಗಿನ ಸೋಪಿಗೆ ಜಗ್ಗುವುದುಂಟೇ?

ಈ ಕೆಲಸ ಅವಳಿಗೆ ಹೊಳೆದದ್ದೂ ಅಲ್ಲ. ಹಳೆಯ ಕಾರುಗಳ ರೇಸು ನಡೆಸುವ ಎಂಜಿನ್ ಕ್ಲಬ್ಬಿನ ಅಧ್ಯಕ್ಷರಾದ ಹಲ್ಲಿನ ಡಾಕ್ಟರು ಬೆಳಿಗ್ಗೆ ಫೋನ್ ಮಾಡಿ, "ನೋಡಮ್ಮ, ಪೆಟ್ಟಿಗೆ ತೆರೆದೇ ಇಡ್ತೀವಲ್ಲ, ಫೋಟೋ ತೆಗೀತಾರೆ. ಮೇಷ್ಟ್ರ ಕೈ ಒಂಚೂರು ಶುಚಿ ಮಾಡ್ಸಿಬಿಡು," ಎಂದಿದ್ದರು. ಕ್ಲಬ್ಬಿನವರೆಲ್ಲ ಅಪ್ಪನನ್ನು ಕರೆಯುತ್ತಿದ್ದುದು ಮೇಷ್ಟ್ರು ಎಂದೇ. ಅವಳು "ಆಯ್ತು ಸಾರ್" ಎಂದುಬಿಟ್ಟಿದ್ದಳು. ಯಾರು ಏನು ಹೇಳಿದರೂ ಅವಳ ಬಾಯಿಂದ ಮೊದಲು ಬರುತ್ತಿದ್ದುದು ಅದೇ. ಈಗ ಅದನ್ನು ನೆನೆದು ಅವಳಿಗೆ ತನ್ನ ನಾಲಿಗೆಯ ಮೇಲೇ ಹೇಸಿಗೆಯಾಯಿತು. ಬ್ರಷ್ಷನ್ನು ಬಕೆಟ್ಟಿಗೆ ಎಸೆದಳು.

ಬಾಗಿಲಿಗೆ ಒರಗಿ ನಿಂತಿದ್ದ ತಾಯಿ ಮೂಗು ಮುರಿದಳು. "ಬದುಕಿದ್ದಾಗ ಆ ಕೈಯಿಂದ ಬಿಟ್ಟಿ ಚಾಕರಿ ಮಾಡಿಸ್ಕೊಂಡ್ರು. ಸತ್ತ ಮೇಲೆ ಆ ಕೈ ಕೊಳಕು ಆಯ್ತಂತೆ, ಕೊಳಕು!" ಆಮೇಲೆ ದನಿ ತಗ್ಗಿಸಿ, "ಬೇಕರಿಯವನ ಹೆಂಡತಿ ಫೋನ್ ಮಾಡಿದ್ಲು. ಅವನೂ ಬರ್ತಾನಂತೆ," ಎಂದಳು.

ಮಗಳು ಬಟ್ಟೆ ತೆಗೆದುಕೊಂಡು ಅಪ್ಪನ ಅಂಗೈ ಒರೆಸಿದಳು.

"ಬಂದ್ರೆ ಬರ್ಲಿ. ನೀನು ಬಾಯಿಗೆ ಬೀಗ ಹಾಕ್ಕೊಂಡಿರು. ನಿಮ್ಮಪ್ಪ ಹೇಳಿದ್ದು ನೆನಪಿದೆ ತಾನೆ?"

"ಇದೆ."

ಬೇಕರಿಯವನಿಗೆ ಎಂಟು ತಿಂಗಳ ಹಿಂದೆ ಬಲಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಗುಡ್ಡದ ರಸ್ತೆಯ ರೇಸಿನಲ್ಲಿ ಡಾಕ್ಟರ ಕಾರಿನ ಎಂಜಿನ್ ಒಡೆದು, ಕಾರು ಜಾರಿ, ತಿರುವಿನಲ್ಲಿ ಬಾವುಟ ಹಿಡಿದು ನಿಂತಿದ್ದ ಅವನ ಮೇಲೆ ಹರಿದಿತ್ತು. ಎಂಜಿನ್ ಕಟ್ಟಿದವರು ಮೇಷ್ಟ್ರು, ವಯಸ್ಸಾಗಿ ಅವರ ಕೈ ತಪ್ಪಿತು ಎಂದು ಕ್ಲಬ್ಬಿಗೆ ಕ್ಲಬ್ಬೇ ನಂಬಿತ್ತು. ಬೇಕರಿಯವನೂ ನಂಬಿದ್ದ. ನಿಜ ಏನೆಂದು ಗೊತ್ತಿದ್ದವರು ಡಾಕ್ಟರು, ಈ ಮಗಳು, ಅವಳ ಬಾಯಿಂದ ಕೇಳಿದ್ದ ಅಪ್ಪ ಅಮ್ಮ. ಬೇಕರಿಯವನು ಅಂಗಡಿ ಮಾರಿ ಬರುವ ವಾರ ಹೆಂಡತಿಯ ತವರಿಗೆ ಹೊರಟಿದ್ದ. ಹೇಳುವುದಿದ್ದರೆ ಇವತ್ತೇ ಹೇಳಬೇಕು. ಇಲ್ಲವಾದರೆ ಅಪ್ಪನ ಜೊತೆ ಅದಕ್ಕೂ ಮಣ್ಣು.

ಕೈಗಳನ್ನು ಎದೆಯ ಮೇಲೆ ಜೋಡಿಸಿ, ಉಗುರುಗಳನ್ನು ಹಾಗೇ ಕಪ್ಪಾಗಿ ಬಿಟ್ಟು, ಮಗಳು ನೀರು ಚೆಲ್ಲಲು ಹಿತ್ತಲಿಗೆ ಹೋದಳು.

ಶೆಡ್ಡಿನ ಬಾಗಿಲು ತೆರೆದಿತ್ತು. ಒಳಗೆ ಕ್ಲಬ್ಬಿನ ಐದಾರು ಮಂದಿ, ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಬೂಟು. ನಾಲ್ಕು ತಿಂಗಳಿಂದ ಆ ಹೊಸಿಲು ತುಳಿಯದವರು ಈಗ ಬೆಲ್ಲಕ್ಕೆ ಮುತ್ತಿದ ಇರುವೆಗಳಂತೆ ಅಪ್ಪನ ಮೇಜನ್ನು ಮುತ್ತಿದ್ದರು. ಔಷಧಿ ಅಂಗಡಿಯವನು ಬಾಟಲಿಗೆ ಅಂಟಿಸುವ ಚೀಟಿಗಳ ಸುರುಳಿಯನ್ನೇ ತಂದಿದ್ದ. 'ದಿನಕ್ಕೆ ಮೂರು ಸಲ, ಊಟದ ನಂತರ' ಎಂದು ಅಚ್ಚಾದ ಚೀಟಿಯ ಅಂಚಿನಲ್ಲಿ ಹೆಸರು ಗೀಚಿ ಲೇತ್ ಯಂತ್ರಕ್ಕೆ, ಸ್ಪ್ಯಾನರ್ ಪೆಟ್ಟಿಗೆಗೆ, ಗೋಡೆಯ ಮೊಳೆಗೆ ತೂಗಿದ್ದ ಮರದ ಅಚ್ಚುಗಳಿಗೆ ಅಂಟಿಸುತ್ತಿದ್ದರು. ಚೀಟಿಯನ್ನು ಒದ್ದೆ ಮಾಡಲು ನಾಲಿಗೆ ಚಾಚಿ ನೆಕ್ಕುತ್ತಿದ್ದರು. ಅವಳು ಬಕೆಟ್ಟು ಹಿಡಿದೇ ಶೆಡ್ಡಿನ ಬಾಗಿಲಿಗೆ ಬಂದಳು.

"ಈ ಲೇತ್ ನಂಗೆ ಅಂತ ಮೇಷ್ಟ್ರು ಬಾಯ್ಬಿಟ್ಟು ಹೇಳಿದ್ರು."

"ನಿಂಗಾ? ಅದ್ರ ಸ್ವಿಚ್ ಎಲ್ಲಿದೆ ತೋರ್ಸು ನೋಡೋಣ."

"ಶ್! ಹೆಣ ಇನ್ನೂ ಒಳಗಿದೆ ಕಣ್ರೋ."

"ಇದ್ರೇನು, ಅವರು ಬದುಕಿದ್ರೂ ಕೊಟ್ಟೇ ಬಿಡ್ತಿದ್ರು. ಯಾವತ್ತು ಇಲ್ಲ ಅಂದಿದ್ರು ಆ ಮನುಷ್ಯ?"

ನಗು ಎದ್ದಿತು. ಔಷಧಿ ಅಂಗಡಿಯವನು ಅಪ್ಪನ ಮೈಕ್ರೋಮೀಟರನ್ನು ಬೆಳಕಿಗೆ ಹಿಡಿದು ನೋಡಿ, ಉಸಿರು ಊದಿ ಒರೆಸಿ, ಜೇಬಿಗೆ ಇಳಿಸಿದ. ತಿರುಗಿದಾಗ ಬಾಗಿಲಲ್ಲಿ ಮಗಳು. "ಜೋಪಾನವಾಗಿ ಇಟ್ಟಿರ್ತೀನಿ ತಂಗಿ, ಕಳ್ಳಕಾಕರ ಕಾಲ," ಎಂದ. ಅವಳು ನೀರನ್ನು ಅವನ ಬೂಟಿಗೆ ಹತ್ತಿರವಾಗಿ ಚೆಲ್ಲಿದಳು. ಅದಕ್ಕಿಂತ ಹೆಚ್ಚು ಅವಳಿಗೆ ಆಗಲಿಲ್ಲ.

*

ಇಲ್ಲ ಅನ್ನದ ಮನುಷ್ಯ ಎಂಬುದು ನಿಜವೇ. ಎಂಜಿನ್ನಿನ ತಲೆಭಾಗದ ಕೊಳವೆಗಳೊಳಗೆ ಗಾಳಿ ಎಷ್ಟು ಸರಾಗವಾಗಿ ಹರಿಯುತ್ತದೆ ಎಂದು ಅಳೆಯುವ ಯಂತ್ರ ದೊಡ್ಡ ಕಾರ್ಖಾನೆಗಳಲ್ಲಿ ಮಾತ್ರ ಇದ್ದ ಕಾಲದಲ್ಲಿ, ಅಪ್ಪ ಗುಜರಿಯಿಂದ ನಾಲ್ಕು ವ್ಯಾಕ್ಯೂಮ್ ಕ್ಲೀನರ್ ಮೋಟಾರು ತಂದು, ಒಂದು ಹಳೆಯ ಬೀರುವಿಗೆ ಕೂರಿಸಿ, ಬಣ್ಣದ ನೀರು ತುಂಬಿದ ಗಾಜಿನ ನಳಿಗೆ ಇಟ್ಟು, ಅಂಥದೇ ಒಂದನ್ನು ಮಾಡಿದ್ದ. ಮೋಟಾರು ಕೂಗಿದರೆ ಬೀದಿಯ ನಾಯಿಗಳೆಲ್ಲ ದನಿಗೂಡಿಸುತ್ತಿದ್ದವು. ಗಾಳಿ ಹೆಚ್ಚು ಹರಿದಷ್ಟೂ ನಳಿಗೆಯ ಕೆಂಪು ನೀರು ಮೇಲೇರುತ್ತಿತ್ತು. ಅದನ್ನು ಓದಿ ಬರೆದುಕೊಳ್ಳುವುದು ಮಗಳ ಕೆಲಸ. ಎಂಟನೇ ತರಗತಿಗೆ ಶಾಲೆ ಬಿಟ್ಟು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ ಸೇರಿದ್ದ ಅವಳಿಗೆ ಭಾನುವಾರದ ಆ ಅಂಕಿಗಳೇ ಪಾಠ.

ಆ ಬೀರುವಿನ ನಕ್ಷೆಯನ್ನು ಅಪ್ಪ ಕೇಳಿದವರಿಗೆಲ್ಲ ಪ್ರತಿ ಮಾಡಿಸಿ ಹಂಚಿದ. "ಬಚ್ಚಿಟ್ಟ ವಿದ್ಯೆ ತುಕ್ಕು ಹಿಡಿಯುತ್ತೆ" ಎನ್ನುತ್ತಿದ್ದ. ಹಲ್ಲಿನ ಡಾಕ್ಟರು ಹಲ್ಲು ಕೊರೆದು ಸವೆದ ಡ್ರಿಲ್ ಮುಳ್ಳುಗಳನ್ನು ಡಬ್ಬಿಯಲ್ಲಿ ತಂದುಕೊಟ್ಟಾಗ, ಅವುಗಳಿಂದಲೇ ಗಾಳಿದಾರಿಯ ಮೂಲೆಗಳನ್ನು ನಯ ಮಾಡುವುದು ಹೇಗೆಂದು ಅವರಿಗೇ ಕಲಿಸಿದ. ತಾಯಿ ಮಾತ್ರ ಗೊಣಗುತ್ತಿದ್ದಳು: "ಪರೋಪಕಾರಿ ಪುಟ್ಟಪ್ಪ! ಸ್ವಂತ ಮನೆ ನಲ್ಲಿ ಸೋರುತ್ತೆ, ಊರವರ ಎಂಜಿನ್ ಸೋರಬಾರದು."

ಎಲ್ಲರಿಗಿಂತ ಹೆಚ್ಚು ಕಲಿತವನು ಬೇಕರಿಯವನು. ಬೆಳಗಿನ ಬ್ರೆಡ್ಡು ಮುಗಿಸಿ, ರೆಪ್ಪೆಯ ಮೇಲೆ ಹಿಟ್ಟು ಇರುವಾಗಲೇ ಬರುತ್ತಿದ್ದ. "ಮೊದಲು ಮುಖ ತೊಳಿ. ನನ್ನ ಎಂಜಿನ್ ಕೇಕ್ ಆಗೋದು ಬೇಡ," ಎಂದು ಅಪ್ಪ ಗದರುತ್ತಿದ್ದ. ಪಿಸ್ಟನ್ನಿನ ರಾಡನ್ನು ಹಿಡಿದಿಡುವ ಬೋಲ್ಟಿನ ವಿಷಯ ಬಂದಾಗ ಅಪ್ಪ ಸ್ಪ್ಯಾನರ್ ಹಿಡಿಯಿಂದ ಅವನ ತಲೆಗೆ ಮೆಲ್ಲಗೆ ಮೊಟಕಿ ಹೇಳಿಕೊಟ್ಟಿದ್ದ.

"ಬಿಗಿದಾಗ ಇದು ರಬ್ಬರಿನ ಹಾಗೆ ಕೂದಲೆಳೆಯಷ್ಟು ಹಿಗ್ಗುತ್ತೆ. ಒಂದು ಸಲ ದುಡಿದ ಬೋಲ್ಟಿಗೆ ಮತ್ತೆ ಆ ಶಕ್ತಿ ಇಲ್ಲ. ಏನು?"

"ಇಲ್ಲ ಮೇಷ್ಟ್ರೇ."

"ಹಳೇ ಬೋಲ್ಟು ಅಳತೆಗೆ ಮಾತ್ರ. ಸಂದು ಎಷ್ಟಿದೆ ನೋಡೋಕೆ ಹಾಕು, ನೋಡು, ತೆಗಿ. ಹಾಕಿರೋ ತನಕ ಎಂಜಿನ್ನಿಗೆ ಕೆಂಪು ಬಟ್ಟೆ ಕಟ್ಟಿರಬೇಕು. ಬಟ್ಟೆ ಇದ್ರೆ?"

"ಮುಟ್ಟಬಾರದು."

"ಮುಟ್ಟಿದ್ರೆ?"

"ನಿಮ್ಮ ಸ್ಪ್ಯಾನರು, ನನ್ನ ಬುರುಡೆ."

ಆ ದಿನ ಮೂಲೆಯ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತಿದ್ದ ಡಾಕ್ಟರೂ ನಕ್ಕಿದ್ದರು. "ಮೇಷ್ಟ್ರು ಎಂಜಿನ್ನಿಗೂ ದೃಷ್ಟಿ ತೆಗೀತಾರೆ" ಎಂದು.

*

ಸ್ಮಶಾನದ ಗೇಟಿನ ಹೊರಗೆ ಕ್ಲಬ್ಬಿನ ಹನ್ನೆರಡು ಕಾರುಗಳು ಸಾಲಾಗಿ ನಿಂತಿದ್ದವು. ಮಣ್ಣು ಹಾಕುವ ಮೊದಲು ಡಾಕ್ಟರು ಕೈಯೆತ್ತಿದಾಗ ಹನ್ನೆರಡೂ ಎಂಜಿನ್ನುಗಳನ್ನು ಒಟ್ಟಿಗೆ ಕೂಗಿಸುವುದೆಂದು ತೀರ್ಮಾನವಾಗಿತ್ತು. ಅದಕ್ಕೆ 'ಎಂಜಿನ್ ವಂದನೆ' ಎಂದು ಹೆಸರಿಟ್ಟಿದ್ದರು. ಬಾನೆಟ್ಟುಗಳ ಮೇಲೆ ಹೂಮಾಲೆ, ಮಾಲೆಯ ನಡುವೆ ಅಪ್ಪನ ಫೋಟೋ. ಒಬ್ಬ ಕಾರಿನ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದ. ಇನ್ನೊಬ್ಬ ಅಲ್ಲೇ ಗೋಡೆಗೆ ಮುಖ ಮಾಡಿ ಮೂತ್ರ ಮಾಡಿ ಬಂದು, ಅದೇ ಕೈಯಿಂದ ತಾಯಿಯ ಎರಡೂ ಕೈ ಹಿಡಿದು, "ತಂದೆಯನ್ನ ಕಳ್ಕೊಂಡ ಹಾಗಾಯ್ತಕ್ಕಾ" ಎಂದ. ತಾಯಿ ಕೈ ಬಿಡಿಸಿಕೊಂಡು ಸೆರಗಿಗೆ ಒರೆಸಿಕೊಂಡಳು.

ಬೇಕರಿಯವನು ಎಲ್ಲರಿಗಿಂತ ಕೊನೆಯಲ್ಲಿ ಆಟೋದಲ್ಲಿ ಬಂದ. ಎರಡು ಊರುಗೋಲು, ಮಡಚಿ ಪಿನ್ನು ಹಾಕಿದ ಪ್ಯಾಂಟಿನ ಒಂದು ಕಾಲು. ಗುಂಪು ಎರಡಾಗಿ ಸರಿದು ದಾರಿ ಬಿಟ್ಟಿತು. ಅವನು ಪೆಟ್ಟಿಗೆಯ ಹತ್ತಿರ ಹೋಗದೆ, ಗುಂಡಿಯಿಂದ ಹತ್ತು ಮಾರು ದೂರದ ಕಲ್ಲುಬೆಂಚಿನ ಮೇಲೆ ಕೂತ. ಮಗಳು ಲೋಟದಲ್ಲಿ ನೀರು ಕೊಂಡೊಯ್ದಳು.

"ಬಂದ್ರಲ್ಲ ಅಣ್ಣ."

"ಅಳೋಕೆ ಬಂದಿಲ್ಲ ತಂಗಿ." ಅವನು ನೀರನ್ನು ಮುಟ್ಟಲಿಲ್ಲ. "ಅವರ ಹತ್ರ ಒಂದು ಪ್ರಶ್ನೆ ಕೇಳೋದಿತ್ತು. ಇವತ್ತು ಕೇಳ್ತೀನಿ, ನಾಳೆ ಕೇಳ್ತೀನಿ ಅಂತ ಸೆಟೆದುಕೊಂಡು ಕೂತೆ. ಪುಣ್ಯಾತ್ಮ ನನಗಿಂತ ಹಟಮಾರಿ, ಹೋಗೇಬಿಟ್ಟ."

"ಏನು ಕೇಳೋದಿತ್ತು?"

"ಒಡೆದ ಎಂಜಿನ್ನಲ್ಲಿ ಸಿಕ್ಕಿದ್ದು ಹಳೇ ಬೋಲ್ಟು. ಅದನ್ನ ಹಾಕ್ಬೇಡ ಅಂತ ನನ್ನ ತಲೆ ಕುಟ್ಟಿ ಕುಟ್ಟಿ ಹೇಳಿದವರು, ತಾವೇ ಹಾಕಿ ಹೇಗೆ ಕಳಿಸಿದ್ರು? ಕಾಲು ಹೋಯ್ತು, ಹೋಗ್ಲಿ. ಇದೊಂದು ಗೊತ್ತಾಗಿದ್ರೆ ನಿದ್ದೆ ಬರ್ತಿತ್ತು."

ಅವಳ ಬಾಯಿ ತೆರೆಯಿತು. ಅದೇ ಹೊತ್ತಿಗೆ ಡಾಕ್ಟರು ಚಪ್ಪಾಳೆ ತಟ್ಟಿ, "ಎಲ್ರೂ ಹತ್ತಿರ ಬನ್ನಿ, ಹತ್ತಿರ ಬನ್ನಿ," ಎಂದರು. ಬಾಯಿ ಮುಚ್ಚಿಕೊಂಡಿತು. ಅವಳ ಬಾಯಿಗೆ ಅದು ಅಭ್ಯಾಸವಾದ ಕೆಲಸ.

*

ಎಂಟು ತಿಂಗಳ ಹಿಂದಿನ ಆ ಶನಿವಾರ ಮಧ್ಯಾಹ್ನವೂ ಆ ಬಾಯಿ ಹೀಗೇ ತೆರೆದು ಹೀಗೇ ಮುಚ್ಚಿತ್ತು.

ಬೆಳಿಗ್ಗೆ ಎದೆನೋವೆಂದು ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದರು; ತಾಯಿ ಅಲ್ಲೇ ಇದ್ದಳು. ಮಗಳು ಮನೆಯಲ್ಲಿ ಒಬ್ಬಳೇ. ಡಾಕ್ಟರು ಟ್ರೈಲರ್ ಸಮೇತ ಬಂದು ನೇರ ಶೆಡ್ಡಿಗೆ ನಡೆದರು. ಮರುದಿನ ರೇಸು. ಅವರ ಎಂಜಿನ್ ಸ್ಟ್ಯಾಂಡಿನ ಮೇಲಿತ್ತು, ಅಳತೆಯ ಬೋಲ್ಟುಗಳೊಂದಿಗೆ, ಕೆಂಪು ಬಟ್ಟೆ ಕಟ್ಟಿಕೊಂಡು. ಹೊಸ ಬೋಲ್ಟುಗಳು ಸೋಮವಾರ ಬರಬೇಕಿತ್ತು. ಡಾಕ್ಟರು ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿದರು.

"ಬಿಗಿಯಾಗೇ ಇದೆಯಲ್ಲೋ! ಮುಚ್ಚಿದ್ರೆ ಮುಗೀತು," ಎಂದರು ಜೊತೆಗೆ ಬಂದ, ಎಂಜಿನ್ ಗಂಧವಿಲ್ಲದ ಬಾಡಿಗೆ ಟ್ರೈಲರಿನ ಆಳಿಗೆ. ಕೆಂಪು ಬಟ್ಟೆಯ ಗಂಟು ಬಿಚ್ಚಿದರು. ಅದರಲ್ಲೇ ಬೆರಳುಗಳನ್ನು ಒಂದೊಂದಾಗಿ, ಹಲ್ಲು ಕಿತ್ತಾದ ಮೇಲೆ ಒರೆಸಿಕೊಳ್ಳುವ ಹಾಗೆ ಒರೆಸಿಕೊಂಡು, ಕಸದ ಡಬ್ಬಿಗೆ ಹಾಕಿದರು.

ಇಷ್ಟನ್ನೂ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. 'ಅವು ಅಳತೆಯವು' — ಎರಡೇ ಮಾತು. ನಾಲಿಗೆಯ ತುದಿಗೆ ಬಂದಿದ್ದವು. ಓದಿದವರು, ಡಾಕ್ಟರು, ಇವರಿಗೆ ಗೊತ್ತಿಲ್ಲದೇ ಇರುತ್ತದೆಯೇ, ಮನೆಗೆ ಹೋಗಿ ಬದಲಾಯಿಸುತ್ತಾರೇನೋ, ನಾನು ಹೇಳಿದರೆ ನಕ್ಕಾರು.

"ಏನಮ್ಮ, ಅಪ್ಪ ಹೇಗಿದಾರೆ?" ಎಂದರು ಡಾಕ್ಟರು ಅವಳನ್ನು ಕಂಡು.

"ಪರವಾಗಿಲ್ಲ ಸಾರ್," ಎಂದಳು. ಆ ದಿನ ಅವಳು ಆಡಿದ್ದು ಅಷ್ಟೇ.

ಭಾನುವಾರ ಹನ್ನೊಂದು ಗಂಟೆಗೆ, ಮೂರನೇ ತಿರುವಿನಲ್ಲಿ, ರಾಡು ಎಂಜಿನ್ನಿನ ಗೋಡೆ ಒಡೆದು ಹೊರಬಂತು.

ಆಸ್ಪತ್ರೆಯ ಮಂಚದ ಮೇಲೆ ಅಪ್ಪ ಕೇಳಿದ್ದು ಎರಡೇ ಪ್ರಶ್ನೆ. ಬಟ್ಟೆ ಇತ್ತಾ? ಯಾರು ಬಿಚ್ಚಿದ್ದು? ಅವಳು ಎಲ್ಲ ಹೇಳಿದಳು. ಅಪ್ಪ ಚಾವಣಿಯ ಕಡೆ ಮುಖ ಮಾಡಿದ. "ಯಾರಿಗೂ ಹೇಳ್ಬೇಡ" ಎಂದ.

ಅವಳಿಗೆ ಮೈ ಉರಿಯಿತು. "ಇದೂ ದಾನಾನಾ ಅಪ್ಪ? ಆ ಮನುಷ್ಯನಿಗೆ ನಿನ್ನ ಹೆಸರನ್ನೂ ಕೊಟ್ಬಿಡ್ತೀಯಾ?"

"ಅವನಿಗೆ ಅಂತ ಯಾರು ಹೇಳಿದ್ದು?" ಅಪ್ಪ ಅವಳ ಕಡೆ ತಿರುಗಿದ. "ನೀನು ಹೇಳಿದ್ರೆ ಎಲ್ಲರೂ ಮೊದಲು ಕೇಳೋದೇನು ಗೊತ್ತಾ? ನೀನೆಲ್ಲಿದ್ದೆ ಅಂತ. ಅವನು ಡಾಕ್ಟ್ರು, ತಪ್ಪಿಸ್ಕೋತಾನೆ. ಕಾಲು ಕಳ್ಕೊಂಡವನು ಜನ್ಮಪೂರ್ತಿ ನಿನ್ನ ಮುಖ ನೋಡ್ತಾನೆ. ನಂಗೆ ಎಪ್ಪತ್ತಾಯ್ತು. ನನ್ನ ಮುಖ ನೋಡ್ಲಿ ಬಿಡು."

ನಾಲ್ಕು ತಿಂಗಳು ಬಿಟ್ಟು ಕರೆದ ಕ್ಲಬ್ಬಿನ ಸಭೆಯಲ್ಲಿ ಅಪ್ಪ ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದ. ಡಾಕ್ಟರು ಎದ್ದು, "ವಯಸ್ಸಾಯ್ತು, ಕೈ ನಡುಗುತ್ತೆ, ನಾವು ಕ್ಷಮಿಸಬೇಕು," ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕ್ಷಮಿಸಿದ್ದಕ್ಕೆ ಚಪ್ಪಾಳೆ. ಮಾರನೆಯ ದಿನದಿಂದ ಶೆಡ್ಡಿಗೆ ಒಂದು ನರಪಿಳ್ಳೆಯೂ ಬರಲಿಲ್ಲ.

*

"...ಗಾಳಿ ಅಳೆಯೋ ಯಂತ್ರವನ್ನ ನಾನೂ ಮೇಷ್ಟ್ರೂ ಸೇರಿ ಕಂಡುಹಿಡಿದೆವು," ಎನ್ನುತ್ತಿದ್ದರು ಡಾಕ್ಟರು. ಪೆಟ್ಟಿಗೆಯನ್ನು ಮುಚ್ಚಿ ಗುಂಡಿಗೆ ಇಳಿಸಿಯಾಗಿತ್ತು. ಅವರ ಕೈಯಲ್ಲಿ ಮಡಚಿದ ಕರವಸ್ತ್ರ. ಎರಡು ಮಾತಿಗೊಮ್ಮೆ ಒಣಗಿದ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. "ಕೊನೆಗಾಲದಲ್ಲಿ ಅವರಿಂದ ಒಂದು ದೊಡ್ಡ ತಪ್ಪಾಯ್ತು. ಅದನ್ನ ನಾವ್ಯಾರೂ ಮನಸ್ಸಿನಲ್ಲಿ ಇಟ್ಕೊಂಡಿಲ್ಲ. ಇಗೋ, ನಮ್ಮ ಬೇಕರಿ ಗೆಳೆಯರು ಇಲ್ಲಿಗೆ ಬಂದಿರೋದೇ ಅದಕ್ಕೆ ಸಾಕ್ಷಿ. ಅವರೂ ಕ್ಷಮಿಸಿದಾರೆ."

ಎಲ್ಲರ ತಲೆಯೂ ಬೆಂಚಿನ ಕಡೆ ತಿರುಗಿತು. ಯಾರೋ "ದೊಡ್ಡ ಮನಸ್ಸು" ಎಂದರು. ಬೇಕರಿಯವನ ಕುತ್ತಿಗೆಯ ನರ ಉಬ್ಬಿತು. ಮಗಳು ನೀರಿನ ಲೋಟವನ್ನು ನೆಲಕ್ಕಿಟ್ಟಳು. ತಾಯಿ ದೂರದಿಂದಲೇ ಕಣ್ಣಲ್ಲಿ 'ಬೇಡ' ಎಂದಳು.

ಮಗಳು ಬೆಂಚಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತಳು.

"ಅಪ್ಪ ಹಾಕಿ ಕಳಿಸ್ಲಿಲ್ಲ ಅಣ್ಣ. ಅವು ಅಳತೆಯ ಬೋಲ್ಟು. ಕೆಂಪು ಬಟ್ಟೆ ಕಟ್ಟಿತ್ತು. ಅಪ್ಪ ಆಸ್ಪತ್ರೆಲಿದ್ರು. ಇವರು ಬಂದು ಬಟ್ಟೆ ಬಿಚ್ಚಿ, ಕೈ ಒರೆಸ್ಕೊಂಡು, ಎಂಜಿನ್ ಒಯ್ದ್ರು."

ಅವನು ಅವಳ ಕಡೆ ನೋಡಲಿಲ್ಲ. "ಯಾರು ನೋಡಿದ್ದು?"

"ನಾನು."

"ಎಲ್ಲಿಂದ?"

"ಅಡುಗೆಮನೆ ಬಾಗಿಲಿಂದ."

"ಬಟ್ಟೆ ಅಂದ್ರೆ ಏನು ಅಂತ ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ನೋಡ್ತಾ ನಿಂತಿದ್ದೆ."

"ಹೂಂ."

ಅಪ್ಪ ಹೇಳಿದ್ದ ಆ ನೋಟ ಈಗ ಬಂತು. ಬೇಕರಿಯವನು ನಿಧಾನವಾಗಿ ತಿರುಗಿ ಅವಳ ಮುಖವನ್ನು ನೋಡಿದ. ಹಳಸಿದ ಹಿಟ್ಟಿನೊಳಗೆ ಹುಳ ಕಂಡವನ ಹಾಗೆ ನೋಡಿದ. ಅವಳು ಮುಖ ತಿರುಗಿಸಲಿಲ್ಲ. ಅವನೇ ಊರುಗೋಲುಗಳನ್ನು ಕಂಕುಳಿಗೆ ಎಳೆದುಕೊಂಡು ಎದ್ದ.

"ಡಾಕ್ಟ್ರೇ, ಒಂದು ನಿಮಿಷ."

"ಹೇಳಿ ಹೇಳಿ. ನೀವೂ ಎರಡು ಮಾತಾಡಿ."

"ಮಾತಲ್ಲ, ಪ್ರಶ್ನೆ. ಎಂಜಿನ್ ಒಯ್ದಾಗ ಅದಕ್ಕೆ ಕೆಂಪು ಬಟ್ಟೆ ಇತ್ತಾ?"

ಡಾಕ್ಟರ ಕರವಸ್ತ್ರ ಗಾಳಿಯಲ್ಲೇ ನಿಂತಿತು. "ಯಾವ ಬಟ್ಟೆ?"

"ಇತ್ತಾ, ಇಲ್ವಾ?"

ಗುಂಪಿನಲ್ಲಿ ಪಿಸುಮಾತು ಹರಿಯಿತು. ಡಾಕ್ಟರ ಕಣ್ಣು ಬೇಕರಿಯವನನ್ನು ದಾಟಿ ಮಗಳ ಮೇಲೆ ಬಿತ್ತು. ಆವತ್ತಿನ ಹಾಗೇ ಅವಳು ಬಾಯಿ ಮುಚ್ಚಿಕೊಳ್ಳುತ್ತಾಳೆಂದು ಕಾದಂತೆ ಒಂದು ಕ್ಷಣ ಹಾಗೇ ನೋಡಿದರು.

"ಇತ್ತು," ಎಂದಳು ಅವಳು. ದನಿ ಒಡೆದಿತ್ತು, ಆದರೆ ಕೇಳಿಸಿತು.

"ಪಾಪ, ದುಃಖದಲ್ಲಿ ಏನೇನೋ..." ಎಂದರು ಡಾಕ್ಟರು ಎಲ್ಲರಿಗೂ. "ಇವತ್ತು ಇಂಥದ್ದೆಲ್ಲ ಬೇಕಾ? ಹೊತ್ತಾಯ್ತು." ಮತ್ತೆ ಗೇಟಿನ ಕಡೆ ತಿರುಗಿ ಕೈಯನ್ನು ಎತ್ತರಕ್ಕೆ ಎತ್ತಿಬಿಟ್ಟರು.

ಹನ್ನೆರಡು ಎಂಜಿನ್ನುಗಳು ಒಟ್ಟಿಗೆ ಅರಚಿದವು. ಬೇಕರಿಯವನ ಬಾಯಿ ಇನ್ನೂ ಏನೋ ಕೇಳುತ್ತಿತ್ತು, ಕೇಳಿಸಲಿಲ್ಲ. ಗೋಡೆಯ ಮೇಲಿಂದ ನೀಲಿಹೊಗೆ ಉರುಳಿ ಬಂದು ತೆರೆದ ಗುಂಡಿಯೊಳಗೆ ತುಂಬಿತು. ಒಂದು ಎಂಜಿನ್ ಎಣ್ಣೆ ಸುಡುತ್ತಿತ್ತು, ಇನ್ನೊಂದು ಬಿಕ್ಕುತ್ತಿತ್ತು. ಅಪ್ಪ ಕೇಳಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ. ಜನ ಕೆಮ್ಮುತ್ತ, ಮೂಗಿಗೆ ಬಟ್ಟೆ ಹಿಡಿದು, ಹಿಂದೆ ಹಿಂದೆ ಸರಿದರು. ಔಷಧಿ ಅಂಗಡಿಯವನು ಎಲ್ಲರಿಗಿಂತ ಮೊದಲು ಗೇಟು ದಾಟಿದ. ಡಾಕ್ಟರು ಕೈ ಇಳಿಸಲೇ ಇಲ್ಲ. ಇಳಿಸಿದರೆ ಸದ್ದು ನಿಲ್ಲುತ್ತಿತ್ತು.

ಬೇಕರಿಯವನು ಬಾಯಿ ಮುಚ್ಚಿದ. ಕುಂಟುತ್ತ ಗುಂಡಿಯ ಅಂಚಿಗೆ ಬಂದು, ಗುಂಡಿ ತೋಡಿದವನ ಕೈಯಿಂದ ಸಲಿಕೆ ಕಿತ್ತುಕೊಂಡ. ಊರುಗೋಲುಗಳನ್ನು ಹುಲ್ಲಿಗೆ ಬೀಳಿಸಿ, ಒಂಟಿಕಾಲಿನಲ್ಲಿ ನಿಂತು ಮಣ್ಣಿನ ರಾಶಿಗೆ ಸಲಿಕೆ ಚುಚ್ಚಿದ. ಎತ್ತಿದೊಡನೆ ದೇಹ ವಾಲಿತು. ಮಗಳು ಓಡಿ ಬಂದಳು.

"ಬೆಲ್ಟ್ ಹಿಡ್ಕೊ," ಎಂದು ಅರಚಿದ ಅವನು, ತಿರುಗಿ ನೋಡದೆ.

ಹಿಂದಿನಿಂದ ಅವನ ಬೆಲ್ಟಿಗೆ ಎರಡೂ ಕೈ ಹಾಕಿದಳು.

"ಗಟ್ಟಿಯಾಗಿ! ಈ ಸಲವಾದ್ರೂ ನೋಡ್ತಾ ನಿಲ್ಬೇಡ!"

ಅವಳು ಹಿಮ್ಮಡಿಯನ್ನು ಮಣ್ಣಿಗೆ ಊರಿ, ಮೈಯೆಲ್ಲ ಭಾರ ಬಿಟ್ಟು ಹಿಂದಕ್ಕೆ ಜಗ್ಗಿದಳು. ಅವನು ಮುಂದಕ್ಕೆ ಬಾಗಿ ಮೊದಲ ಸಲಿಕೆ ಮಣ್ಣು ಸುರಿದ. ಬೆವರಿನಿಂದ ಒದ್ದೆಯಾದ ಅವನ ಅಂಗಿ ಅವಳ ಬೆರಳ ಗೆಣ್ಣುಗಳಿಗೆ ಅಂಟುತ್ತಿತ್ತು. ಅವಳ ಕೈ ತಾಗಿದಲ್ಲೆಲ್ಲ ಅವನ ಬೆನ್ನು ಅಸಹ್ಯದಿಂದ ಸೆಟೆಯುತ್ತಿತ್ತು. ಆದರೂ ಪ್ರತಿ ಸಲ ಬಾಗುವಾಗ ಅವನು ತನ್ನ ಪೂರ್ತಿ ಭಾರವನ್ನು ಆ ಬೆಲ್ಟಿನ ಮೇಲೆ ಬಿಡುತ್ತಿದ್ದ. ಹೊಗೆಯಲ್ಲಿ ಗುಂಡಿಯ ತಳ ಕಾಣುತ್ತಿರಲಿಲ್ಲ. ಒಂದು ಸಲಿಕೆ, ಒಂದು ಜಗ್ಗು, ಮತ್ತೊಂದು ಸಲಿಕೆ.